ಸಂಪಾದಕರ ಉತ್ತರ: ಬೆಟಗೇರಿಗೆ ಹೋಗಲು ಎಂಬತ್ತು ಸಾವಿರ ರೂಪಾಯಿ

ಗದಗ ನಗರದ ಅನುದಾನಿತ ಪದವಿ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಕಲಿಸುವ ಓದುಗರೊಬ್ಬರು ನಮಗೆ ದೀರ್ಘವಾದ ಪತ್ರ ಬರೆದಿದ್ದಾರೆ. ಪಿಎಚ್‌ಡಿ ಮುಗಿದು ನಾಲ್ಕು ವರ್ಷಗಳಾಗಿದ್ದು, ಈ ಅವಧಿಯಲ್ಲಿ ಎರಡು ಸಲ ಸಂಶೋಧನಾ ಅನುದಾನಕ್ಕೆ ಅರ್ಜಿ ಹಾಕಿದ್ದಾರೆ. ಮೊದಲನೆಯದು ‘ಅಧ್ಯಯನದ ವ್ಯಾಪ್ತಿ ಸ್ಪಷ್ಟವಾಗಿಲ್ಲ’ ಎಂಬ ಒಂದೇ ಸಾಲಿನೊಂದಿಗೆ ಮರಳಿತು. ಎರಡನೆಯದರಲ್ಲಿ ಪ್ರಾಂಶುಪಾಲರ ಸಹಿಯುಳ್ಳ ಮುದ್ರಿತ ಪ್ರತಿ ಗಡುವು ಮುಗಿದ ಮೇಲೆ ತಲುಪಿತು. ವಶೀಲಿ ಇಲ್ಲದೆ ಅನುದಾನ ಸಿಗುವುದಿಲ್ಲವೆಂದು ಸಹೋದ್ಯೋಗಿಗಳು ಹೇಳುತ್ತಾರಂತೆ. ಅನುದಾನಗಳ ಮಾಹಿತಿಯನ್ನು ಎಲ್ಲಿ ಹುಡುಕಬೇಕು, ಅರ್ಜಿ ಹೇಗೆ ಬರೆಯಬೇಕು, ಸಹೋದ್ಯೋಗಿಗಳ ಮಾತು ನಿಜವೇ ಎಂದು ಕೇಳಿರುವ ಅವರು, ತಮ್ಮ ಎರಡು ಪುಟದ ಪ್ರಸ್ತಾವನೆಯನ್ನೂ ಖರ್ಚಿನ ಅಂದಾಜು ಪಟ್ಟಿಯನ್ನೂ ಪತ್ರದ ಜೊತೆಗೆ ಇರಿಸಿದ್ದಾರೆ.

ಮಾನ್ಯರೇ,

ತಮ್ಮ ಕೊನೆಯ ಪ್ರಶ್ನೆಗೇ ಮೊದಲು ಉತ್ತರಿಸುತ್ತೇನೆ. ಅದು ಇತ್ಯರ್ಥವಾಗದೆ ಉಳಿದ ಮಾತುಗಳು ಮನಸ್ಸಿಗೆ ಹತ್ತುವುದಿಲ್ಲ. ವಶೀಲಿ ಎಂಬುದೇ ಇಲ್ಲವೆಂದು ಹೇಳಿ ತಮ್ಮನ್ನು ಸಮಾಧಾನ ಮಾಡಲಾರೆ. ಹೆಸರಾದ ಸಂಸ್ಥೆಯ ಲೆಟರ್‌ಹೆಡ್ ಕಂಡಾಗ ಓದುವವನ ಕಣ್ಣು ತುಸು ಮೆತ್ತಗಾಗುತ್ತದೆ, ಇದು ಮನುಷ್ಯ ಸ್ವಭಾವ. ಆದರೆ ಅಧ್ಯಾಪಕನಾಗಿದ್ದಾಗ ನಾನು ಕೆಲವು ಸಲ ಇಂಥ ಅರ್ಜಿಗಳನ್ನು ಓದಿ ಅಭಿಪ್ರಾಯ ಬರೆದುಕೊಟ್ಟಿದ್ದೇನೆ. ಆಗ ಕಂಡದ್ದೇನೆಂದರೆ, ವಶೀಲಿ ಕೆಲಸ ಮಾಡಬಹುದಾದ ಹಂತದವರೆಗೆ ಹೆಚ್ಚಿನ ಅರ್ಜಿಗಳು ಬರುವುದೇ ಇಲ್ಲ. ಸಹಿ ಇಲ್ಲ, ಅರ್ಹತೆಯ ದಾಖಲೆ ಇಲ್ಲ, ಖರ್ಚಿನ ಮೊತ್ತ ಕೂಡಿದರೆ ತಾಳೆಯಾಗುವುದಿಲ್ಲ ಎಂಬ ಕಾರಣಗಳಿಂದ ಅವು ಮೊದಲ ಜರಡಿಯಲ್ಲೇ ಉದುರುತ್ತವೆ. ತಮ್ಮ ಎರಡನೆಯ ಅರ್ಜಿ ಹೋದದ್ದೂ ಹಾಗೆಯೇ. ಅದನ್ನು ಯಾರೂ ತಿರಸ್ಕರಿಸಲಿಲ್ಲ. ಯಾರೂ ಓದಲೇ ಇಲ್ಲ.

ಅರ್ಜಿಯೊಂದನ್ನು ಇಬ್ಬರು ಓದುತ್ತಾರೆ. ಮೊದಲನೆಯವನು ತಮ್ಮನ್ನೂ ಗದಗನ್ನೂ ಅರಿಯದ ವಿದ್ವಾಂಸ. ಆ ದಿನ ಅವನ ಮುಂದೆ ಇನ್ನೂ ಇಪ್ಪತ್ತು ಮೂವತ್ತು ಅರ್ಜಿಗಳಿರುತ್ತವೆ. ಎರಡನೆಯವನು ಎರಡು ವರ್ಷಗಳ ನಂತರ ಬರುವ ಲೆಕ್ಕ ತಪಾಸಿಗ. ನಮ್ಮ ಅಧ್ಯಾಪಕರು ಬಹುಪಾಲು ಇವರಿಬ್ಬರನ್ನೂ ಬಿಟ್ಟು, ಪಿಎಚ್‌ಡಿ ಕಾಲದ ತಮ್ಮ ಮಾರ್ಗದರ್ಶಕರು ಎದುರಿಗೆ ಕುಳಿತಿದ್ದಾರೆಂದು ಭಾವಿಸಿ ಬರೆಯುತ್ತಾರೆ. ತಮ್ಮ ಪ್ರಸ್ತಾವನೆಯಲ್ಲೂ ಅದೇ ಆಗಿದೆ.

ಶೀರ್ಷಿಕೆಯನ್ನೇ ನೋಡೋಣ: ‘ಗದಗ-ಬೆಟಗೇರಿಯ ನೇಕಾರರ ಸಾಮಾಜಿಕ ಹಾಗೂ ಆರ್ಥಿಕ ಸ್ಥಿತಿಗತಿಗಳು: ಒಂದು ಅಧ್ಯಯನ’. ಈ ‘ಒಂದು ಅಧ್ಯಯನ’ ಎಂಬ ಬಾಲವನ್ನು ಕರ್ನಾಟಕದ ವಿಶ್ವವಿದ್ಯಾಲಯಗಳು ಎಂದು ಕತ್ತರಿಸುತ್ತವೆಯೋ ತಿಳಿಯದು. ಬಾಲಕ್ಕಿಂತ ದೊಡ್ಡ ತೊಡಕು ‘ಸ್ಥಿತಿಗತಿಗಳು’ ಎಂಬ ಮಾತಿನಲ್ಲಿದೆ. ಸ್ಥಿತಿಗತಿ ಎಂದರೆ ಎಲ್ಲವೂ ಆಯಿತು, ಆದ್ದರಿಂದ ಏನೂ ಆಗಲಿಲ್ಲ. ‘ವ್ಯಾಪ್ತಿ ಸ್ಪಷ್ಟವಾಗಿಲ್ಲ’ ಎಂದು ಬರೆದ ಆ ಅಪರಿಚಿತರ ಮೇಲೆ ತಾವು ಸಿಟ್ಟಾಗಿದ್ದೀರಿ. ನನಗಾದರೋ ಅವರು ಸಂಯಮದಿಂದಲೇ ಬರೆದಿದ್ದಾರೆ ಎನಿಸಿತು.

ಆದರೆ ಅದೇ ಪ್ರಸ್ತಾವನೆಯ ಎರಡನೆಯ ಪುಟದ ಕೆಳಭಾಗದಲ್ಲಿ, ಬಹುಶಃ ತಮಗೇ ಅರಿವಿಲ್ಲದೆ, ತಾವು ಒಂದು ಅಪರೂಪದ ಸಾಲು ಬರೆದಿದ್ದೀರಿ. ಕೈಮಗ್ಗವಿದ್ದಾಗ ಮನೆಯಲ್ಲಿ ಕಂಡಿಕೆ (ಅಡ್ಡನೂಲಿನ ಸಣ್ಣ ಉರುಳೆ) ಸುತ್ತುತ್ತಿದ್ದ ಹೆಂಗಸರು ವಿದ್ಯುತ್ ಮಗ್ಗ ಬಂದ ಮೇಲೆ ‘ಕೆಲಸವಿಲ್ಲದವರು’ ಎನಿಸಿಕೊಂಡರೂ, ದಿನವಿಡೀ ಮಗ್ಗದ ಸುತ್ತಲೇ ಓಡಾಡುತ್ತಿರುತ್ತಾರೆ ಎಂಬುದು ಆ ಸಾಲು. ಇದು ಪ್ರಶ್ನೆ. ಇದನ್ನು ಮೊದಲ ಪುಟದ ಮೊದಲ ಸಾಲಿಗೆ ತನ್ನಿ. 2019–20ರ ನಾಲ್ಕನೆಯ ಅಖಿಲ ಭಾರತ ಕೈಮಗ್ಗ ಗಣತಿಯು ದೇಶದಲ್ಲಿ 26 ಲಕ್ಷಕ್ಕೂ ಹೆಚ್ಚು ನೇಕಾರರನ್ನೂ 8 ಲಕ್ಷಕ್ಕೂ ಹೆಚ್ಚು ಪೂರಕ ಕೆಲಸಗಾರರನ್ನೂ ಬೇರೆ ಬೇರೆಯಾಗಿ ಎಣಿಸಿದೆ; ಕಂಡಿಕೆ ಸುತ್ತುವವರು ಬರುವುದು ಈ ಎರಡನೆಯ ಲೆಕ್ಕದಲ್ಲಿ. ಆದರೆ ಅದು ಕೈಮಗ್ಗದ ಗಣತಿ. ಮನೆಯ ಕೈಮಗ್ಗ ಹೋಗಿ ವಿದ್ಯುತ್ ಮಗ್ಗ ಬಂದ ದಿನವೇ ಆ ಹೆಂಗಸು ಗಣತಿಯಿಂದ ಹೊರಗೆ ಬೀಳುತ್ತಾಳೆ, ದುಡಿಮೆ ಮಾತ್ರ ಮನೆಯಲ್ಲೇ ಉಳಿಯುತ್ತದೆ. ಅವಳ ದಿನದ ಎಷ್ಟು ತಾಸು ಮಗ್ಗಕ್ಕೆ ಹೋಗುತ್ತದೆ, ಅದಕ್ಕೆ ಕೂಲಿ ಕಟ್ಟಿದರೆ ಒಂದು ಸೀರೆಯ ನಿಜವಾದ ವೆಚ್ಚವೆಷ್ಟು ಎಂದು ಕೇಳಿದರೆ, ಗದಗನ್ನು ಎಂದೂ ನೋಡದ ವಿದ್ವಾಂಸನೂ ಕನ್ನಡಕ ಸರಿಪಡಿಸಿಕೊಂಡು ಮುಂದಿನ ಪುಟ ತಿರುವುತ್ತಾನೆ.

ಈ ಪ್ರಶ್ನೆಯನ್ನು ಮೊದಲು ಕನ್ನಡದಲ್ಲೇ ಬರೆಯಿರಿ ಎಂಬುದು ನನ್ನ ಬಲವಾದ ಸಲಹೆ. ಕೇಂದ್ರದ ಪರಿಷತ್ತುಗಳಿಗೆ ಕೊನೆಗೆ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಸಲ್ಲಿಸಬೇಕಾಗುತ್ತದೆ, ನಿಜ. ಆದರೆ ನೇರವಾಗಿ ಇಂಗ್ಲಿಷಿಗೆ ಕುಳಿತರೆ, ಹಿಂದಿನ ನೂರು ಅರ್ಜಿಗಳಲ್ಲಿ ಬಳಕೆಯಾಗಿ ಸವೆದ ಪದಗಳೇ ಬೆರಳ ತುದಿಗೆ ಬರುತ್ತವೆ. ಕಂಡಿಕೆ ಸುತ್ತುವ ಕೈಯನ್ನು ತಾವು ಕಂಡದ್ದು ಕನ್ನಡದಲ್ಲಿ. ಒಂದು ಪುಟ ಕನ್ನಡದಲ್ಲಿ ಬರೆದು, ಅರ್ಥಶಾಸ್ತ್ರ ಓದದ ಯಾರಿಗಾದರೂ, ಕಾಲೇಜಿನ ಗ್ರಂಥಪಾಲಕರಿಗೇ ಆಗಲಿ, ಓದಿ ಹೇಳಿ. ಅವರು ಎಲ್ಲಿ ‘ಅಂದರ?’ ಎಂದು ತಡೆಯುತ್ತಾರೋ ಅಲ್ಲಿ ತಿದ್ದಿ. ಭಾಷಾಂತರ ಆಮೇಲಿನ ಕೆಲಸ.

ಈಗ ಅಂದಾಜು ಪಟ್ಟಿಗೆ ಬರೋಣ. ‘ಪ್ರಯಾಣ ವೆಚ್ಚ: 80,000 ರೂ.’ ಎಂದು ಒಂದೇ ಸಾಲಿನಲ್ಲಿ ಬರೆದಿದ್ದೀರಿ. ಗದಗ ಮತ್ತು ಬೆಟಗೇರಿ ಒಂದೇ ನಗರಸಭೆಯ ವ್ಯಾಪ್ತಿಯಲ್ಲಿವೆ. ದೆಹಲಿಯಲ್ಲಿ ಕುಳಿತವನು ಮೊಬೈಲಿನ ನಕ್ಷೆ ತೆರೆದರೆ ಸಾಕು, ಇದು ತಿಳಿಯುತ್ತದೆ. ತಮಗೆ ದುರುದ್ದೇಶವಿರಲಿಲ್ಲವೆಂದು ನಾನು ಬಲ್ಲೆ. ಯಾರದೋ ಹಳೆಯ ಅರ್ಜಿಯ ಅಂಕಿಯನ್ನು ಎತ್ತಿಕೊಂಡಿರಬೇಕು. ಆದರೆ ಓದುವವನಿಗೆ ಅದು ಅಪ್ರಾಮಾಣಿಕತೆಯಾಗಿ ಕಾಣುತ್ತದೆ, ಅಲ್ಲಿಂದ ಮುಂದೆ ಅವನು ತಮ್ಮ ಒಳ್ಳೆಯ ಪ್ರಶ್ನೆಯನ್ನೂ ಅನುಮಾನದಿಂದಲೇ ನೋಡುತ್ತಾನೆ.

ಖರ್ಚಿನ ಅಂದಾಜು ಕೆಲಸದಿಂದ ಹುಟ್ಟಬೇಕು. ತಾವು 160 ಮನೆಗಳನ್ನು ಸಂದರ್ಶಿಸುವುದಾಗಿ ಹೇಳಿದ್ದೀರಿ. ಇಬ್ಬರು ಕ್ಷೇತ್ರ ಸಹಾಯಕರು ದಿನಕ್ಕೆ ತಲಾ ನಾಲ್ಕು ಮನೆ ಮುಗಿಸಿದರೆ ಇಪ್ಪತ್ತು ದಿನಗಳ ಕೆಲಸ. ಆದರೆ ತಮಗೆ ಮಾತನಾಡಬೇಕಾದದ್ದು ಹೆಂಗಸರೊಂದಿಗೆ; ಅವರು ಪುರುಸೊತ್ತಾಗಿ ಮಾತಿಗೆ ಸಿಗುವುದು ಮಧ್ಯಾಹ್ನದ ಊಟದ ಪಾತ್ರೆ ತೊಳೆದಾದ ಮೇಲೆ, ಸಂಜೆಯ ದೀಪಕ್ಕೆ ಮುಂಚೆ. ಹಾಗಾದರೆ ಒಬ್ಬರಿಗೆ ದಿನಕ್ಕೆ ಎರಡೇ ಮನೆ, ಒಟ್ಟು ನಲವತ್ತು ದಿನ. ಈ ಕಾರಣವನ್ನು ಎರಡು ವಾಕ್ಯಗಳಲ್ಲಿ ಬರೆದರೆ ನಲವತ್ತು ದಿನಗಳ ಭತ್ಯೆಯನ್ನು ಯಾರೂ ಪ್ರಶ್ನಿಸುವುದಿಲ್ಲ. ಅಷ್ಟೇ ಅಲ್ಲ, ತಾವು ಆ ಮನೆಗಳನ್ನು ಬಲ್ಲಿರಿ ಎಂಬುದಕ್ಕೆ ಅದೇ ಸಾಕ್ಷಿಯಾಗುತ್ತದೆ. ಇನ್ನು ಹೋಲಿಕೆಗಾಗಿ ಬಾಗಲಕೋಟೆ ಜಿಲ್ಲೆಯ ನೇಕಾರರ ಊರು ಗುಳೇದಗುಡ್ಡವನ್ನು ಸೇರಿಸಿಕೊಳ್ಳುವ ಮನಸ್ಸಿದ್ದರೆ ಪ್ರಯಾಣದ ಬಾಬತ್ತಿಗೆ ಅರ್ಥ ಬರುತ್ತದೆ, ಬಸ್ಸಿನ ದರದ ಮೇಲೆ ಲೆಕ್ಕ ಹಾಕಿ. ಸಂಶೋಧನಾ ಸಿಬ್ಬಂದಿ, ಕ್ಷೇತ್ರಕಾರ್ಯ, ಸಲಕರಣೆ ಮತ್ತು ಅಧ್ಯಯನ ಸಾಮಗ್ರಿ, ಸಾದಿಲ್ವಾರು ಎಂಬ ಶೀರ್ಷಿಕೆಗಳಿಗೆ ಪರಿಷತ್ತುಗಳು ಸಾಮಾನ್ಯವಾಗಿ ಶೇಕಡಾ ಮಿತಿಯನ್ನು ನಿಗದಿ ಮಾಡಿರುತ್ತವೆ. ಆ ಪುಟವನ್ನು ಎದುರಿಗಿಟ್ಟುಕೊಂಡೇ ಪಟ್ಟಿ ಬರೆಯಿರಿ.

ಎರಡನೆಯ ಓದುಗನಾದ ತಪಾಸಿಗನ ಬಗ್ಗೆ ನನ್ನದೇ ಅನುಭವ ಹೇಳುತ್ತೇನೆ. ವಿಶ್ವವಿದ್ಯಾಲಯ ಅನುದಾನ ಆಯೋಗವು (ಯುಜಿಸಿ) ಕಾಲೇಜು ಅಧ್ಯಾಪಕರಿಗೆ ಕಿರು ಸಂಶೋಧನಾ ಯೋಜನೆಗಳನ್ನು ಕೊಡುತ್ತಿದ್ದ ಕಾಲವದು. ನನಗೆ 70,000 ರೂಪಾಯಿ ಮಂಜೂರಾಯಿತು. ನವಲಗುಂದ ತಾಲ್ಲೂಕಿನ ಹಳ್ಳಿಗಳಲ್ಲಿ ಗೀಗೀ ಪದ ಹಾಡುವವರನ್ನು ಹುಡುಕಿಕೊಂಡು ಟಂಟಂನಲ್ಲಿ ಓಡಾಡಿದೆ. ಟಂಟಂನವನು ರಸೀದಿ ಕೊಡುತ್ತಾನೆಯೇ? ನಾನೂ ಕೇಳಲಿಲ್ಲ, ಡೈರಿಯಲ್ಲೂ ಬರೆದಿಡಲಿಲ್ಲ. ಕೊನೆಗೆ ಒಂದು ಹಾಳೆಯ ಮೇಲೆ ‘ಸ್ಥಳೀಯ ಪ್ರಯಾಣ’ ಎಂದು ಒಟ್ಟು ಮೊತ್ತ ಬರೆದು ಕೊಟ್ಟೆ. ತಪಾಸಿಗರು ಅದರ ಪಕ್ಕದಲ್ಲಿ ಕೆಂಪು ಶಾಯಿಯಿಂದ ‘ಆಧಾರವಿಲ್ಲ’ ಎಂದು ಬರೆದರು. ಹಣ ಉದ್ದೇಶಿತ ಕೆಲಸಕ್ಕೇ ಖರ್ಚಾಯಿತೆಂದು ಹೇಳುವ ಬಳಕೆ ಪ್ರಮಾಣಪತ್ರಕ್ಕೆ ಸಹಿ ಬೀಳಲಿಲ್ಲ, ಕಾಲೇಜಿನ ಕಚೇರಿಯಲ್ಲಿ ಕಡತ ಮಲಗಿತು, ಕೊನೆಯ ಕಂತು ಬರಲೇ ಇಲ್ಲ. ಆ ಹಣವನ್ನು ಮೊದಲೇ ಕೈಯಿಂದ ಖರ್ಚು ಮಾಡಿದ್ದೆನಾದ್ದರಿಂದ ಮನೆಯಲ್ಲಿ ಬಹಳ ದಿನ ಆ ವಿಷಯ ಎತ್ತುವಂತಿರಲಿಲ್ಲ. ಕೆಂಪು ಶಾಯಿಯ ಆ ಹಾಳೆ ಇಂದಿಗೂ ನನ್ನ ಕಪಾಟಿನಲ್ಲಿದೆ.

ಆದ್ದರಿಂದ ಮಂಜೂರಾತಿ ಪತ್ರ ಕೈಗೆ ಬಂದ ದಿನವೇ ಒಂದು ನೋಟ್‌ಬುಕ್ ತೆಗೆಯಿರಿ. ದಿನಾಂಕ, ಎಲ್ಲಿಂದ ಎಲ್ಲಿಗೆ, ಯಾವ ವಾಹನ, ಕೊಟ್ಟ ಹಣ, ಭೇಟಿಯಾದ ಮನೆ, ಕೆಳಗೆ ತಮ್ಮ ಸಹಿ. ಸಹಾಯಕರಿಗೆ 5,000 ರೂಪಾಯಿಗಿಂತ ಹೆಚ್ಚು ಹಣವನ್ನು ರಸೀದಿಯ ಮೇಲೆ ಕೊಟ್ಟರೆ ಒಂದು ರೂಪಾಯಿಯ ರೆವಿನ್ಯೂ ಸ್ಟ್ಯಾಂಪ್ ಮರೆಯಬೇಡಿ. ಕೇಂದ್ರದ ಅನುದಾನಕ್ಕೆ ಬಳಕೆ ಪ್ರಮಾಣಪತ್ರವನ್ನು 2017ರ ಸಾಮಾನ್ಯ ಹಣಕಾಸು ನಿಯಮಗಳ 12-ಎ ನಮೂನೆಯಲ್ಲಿ ಕೊಡಬೇಕು. ಆ ನಮೂನೆಯನ್ನು ಅರ್ಜಿ ಬರೆಯುವ ಮೊದಲೇ ಒಮ್ಮೆ ಓದಿಕೊಂಡರೆ ಅಂದಾಜು ಪಟ್ಟಿ ತಾನಾಗಿಯೇ ನೆಟ್ಟಗಾಗುತ್ತದೆ.

ಎಲ್ಲಿ ಹುಡುಕಬೇಕೆಂಬ ಪ್ರಶ್ನೆಗೆ ಉತ್ತರ ತಾವೆಣಿಸಿದಷ್ಟು ಕಠಿಣವಲ್ಲ. ತಮ್ಮ ವಿಷಯಕ್ಕೆ ಮೊದಲ ಬಾಗಿಲು 1969ರಲ್ಲಿ ಸ್ಥಾಪನೆಯಾದ ಭಾರತೀಯ ಸಮಾಜ ವಿಜ್ಞಾನ ಸಂಶೋಧನಾ ಪರಿಷತ್ತು, ಅಂದರೆ ಐಸಿಎಸ್‌ಎಸ್‌ಆರ್. ಅದು ಅರ್ಜಿ ಕರೆಯುವ ಪ್ರಕಟಣೆಗಿಂತ ಮೊದಲು ಅದರ ಹಳೆಯ ವಾರ್ಷಿಕ ವರದಿಗಳನ್ನು ಓದಿ; ಯಾವ ಬಗೆಯ ವಿಷಯಗಳಿಗೆ ಹಣ ದೊರೆತಿದೆ ಎಂಬುದು ಮಂಜೂರಾದ ಯೋಜನೆಗಳ ಪಟ್ಟಿಯಲ್ಲಿ ಕಾಣುತ್ತದೆ. ಇನ್ನೊಂದು ದಾರಿ, ತಾವು ಮೆಚ್ಚಿದ ಪ್ರಬಂಧಗಳ ಕೃತಜ್ಞತೆಯ ಸಾಲುಗಳು. ಹಣ ಕೊಟ್ಟವರ ಹೆಸರು ಅಲ್ಲಿರುತ್ತದೆ, ನಾವು ಮಾತ್ರ ಅದನ್ನು ಓದದೆ ದಾಟುತ್ತೇವೆ. ಧಾರವಾಡದಲ್ಲಿರುವ ಬಹುಶಿಸ್ತೀಯ ಅಭಿವೃದ್ಧಿ ಸಂಶೋಧನಾ ಕೇಂದ್ರವು ಐಸಿಎಸ್‌ಎಸ್‌ಆರ್ ನೆರವು ಪಡೆಯುವ ಸಂಸ್ಥೆ. ಅಲ್ಲಿನ ಸಂಶೋಧಕರೊಬ್ಬರೊಂದಿಗೆ ಅರ್ಧ ತಾಸು ಕುಳಿತು ಮಾತನಾಡಿದರೆ ತಿಂಗಳ ಹುಡುಕಾಟ ಉಳಿದೀತು. ಗದಗಿನಿಂದ ಬೆಳಗಿನ ರೈಲಿಗೆ ಹೊರಟರೆ ಸಂಜೆಗೆ ಮನೆ ಸೇರಬಹುದು. ಇತಿಹಾಸದ ಮಿತ್ರರಿಗೆ 1972ರಿಂದ ಇರುವ ಭಾರತೀಯ ಇತಿಹಾಸ ಸಂಶೋಧನಾ ಪರಿಷತ್ತು ಇದೆ. ವಿಜ್ಞಾನದವರು 2023ರ ಕಾಯ್ದೆಯಿಂದ ಬಂದ ಅನುಸಂಧಾನ್ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದ ಕಡೆ ನೋಡಬೇಕು; ಹಳೆಯ ಎಸ್‌ಇಆರ್‌ಬಿ (ವಿಜ್ಞಾನ ಮತ್ತು ಎಂಜಿನಿಯರಿಂಗ್ ಸಂಶೋಧನಾ ಮಂಡಳಿ) ಅದರೊಳಗೆ ಸೇರಿಹೋಗಿದೆ. ನೇಯ್ಗೆಯ ವಿನ್ಯಾಸ, ಹಾಡು, ಆಚರಣೆಗಳತ್ತ ತಮ್ಮ ಕೆಲಸ ಹೊರಳಿದರೆ ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಎಂಬ ಸಂಸ್ಥೆಯನ್ನು ನೆನಪಿಡಿ, ಅದು ಭಾರತೀಯ ಭಾಷೆಗಳಲ್ಲಿ ಬರೆದ ಪ್ರಸ್ತಾವನೆಗಳನ್ನೂ ಸ್ವೀಕರಿಸುತ್ತದೆ.

ಈ ಯಾವ ಪ್ರಕಟಣೆಯೂ ತಮ್ಮ ಕಾಲೇಜಿಗೆ ಬರುವುದಿಲ್ಲವೆಂದು ಬರೆದಿದ್ದೀರಿ. ಬರುತ್ತಿರಬಹುದು, ಪ್ರಾಂಶುಪಾಲರ ಕೋಣೆಯಿಂದ ಆಚೆ ಹೋಗದಿರಬಹುದು. ಸುತ್ತೋಲೆಗೆ ಕಾಯದೆ, ತಿಂಗಳಿಗೊಮ್ಮೆ ತಾವೇ ಪರಿಷತ್ತುಗಳ ಜಾಲತಾಣ ನೋಡುವ ರೂಢಿ ಇಟ್ಟುಕೊಳ್ಳಿ.

ಕಾಲೇಜಿನ ಕಾಗದಪತ್ರಗಳೂ ಈಗಲೇ ಸಿದ್ಧವಾಗಲಿ. ಯುಜಿಸಿ ಕಾಯ್ದೆಯ 2(ಎಫ್) ಮತ್ತು 12(ಬಿ) ಮಾನ್ಯತೆ, ಅಂದರೆ ಕಾಲೇಜು ಯುಜಿಸಿಯ ಪಟ್ಟಿಯಲ್ಲಿದ್ದು ಕೇಂದ್ರದ ಅನುದಾನಕ್ಕೆ ಅರ್ಹವೆಂಬ ಮಾನ್ಯತೆ ಇದೆಯೇ, ಕೇಂದ್ರದ ಹಣ ಪಾವತಿಯ ಜಾಲವಾದ ಪಿಎಫ್‌ಎಂಎಸ್‌ನಲ್ಲಿ ಕಾಲೇಜಿನ ಖಾತೆ ನೋಂದಣಿಯಾಗಿದೆಯೇ ಎಂದು ಕಚೇರಿಯ ಅಧೀಕ್ಷಕರನ್ನು ಕೇಳಿ. ಆಡಳಿತ ಮಂಡಳಿ ನಡೆಸುವ ಕಾಲೇಜಾದ್ದರಿಂದ ಸ್ವಯಂಸೇವಾ ಸಂಸ್ಥೆಗಳು ನೋಂದಾಯಿಸಿಕೊಳ್ಳುವ ನೀತಿ ಆಯೋಗದ ದರ್ಪಣ್ ಜಾಲತಾಣದ ಸಂಖ್ಯೆಯನ್ನೂ ಕೇಳಿಟ್ಟುಕೊಳ್ಳಿ. ಮಾನ್ಯತೆ ಇಲ್ಲವೆಂದು ತಿಳಿದುಬಂದರೆ, ಕರ್ನಾಟಕ ವಿಶ್ವವಿದ್ಯಾಲಯದ ವಿಭಾಗದ ಅಧ್ಯಾಪಕರೊಬ್ಬರು ಮುಖ್ಯ ಸಂಶೋಧಕರಾಗಿ, ತಾವು ಸಹ ಸಂಶೋಧಕರಾಗಿ ಅರ್ಜಿ ಹಾಕುವ ದಾರಿ ಇದೆಯೇ ಎಂದು ಪ್ರಕಟಣೆಯಲ್ಲಿ ನೋಡಿ. ಹಾಗೆ ಹಾಕುವುದಾದರೆ ಸಂಶೋಧನೆಯ ಪ್ರಶ್ನೆ ಯಾರದು, ಬರಹದಲ್ಲಿ ಹೆಸರಿನ ಕ್ರಮ ಯಾವುದು ಎಂಬುದನ್ನು ಸಂಕೋಚಪಡದೆ ಮೊದಲೇ ಕಾಗದದಲ್ಲಿ ಬರೆದುಕೊಳ್ಳಿ. ಹಿರಿಯರೆಂಬ ಗೌರವದಿಂದ ಸುಮ್ಮನಿದ್ದು, ಆಮೇಲೆ ನೊಂದುಕೊಂಡು ನಮಗೆ ಪತ್ರ ಬರೆದವರು ಹಲವರಿದ್ದಾರೆ.

ಪ್ರಾಂಶುಪಾಲರ ಸಹಿಯ ಮಾತು ಉಳಿಯಿತು. ಗಡುವಿನ ದಿನವನ್ನು ಅವರಿಗೆ ಹೇಳಲೇಬೇಡಿ. ಅದಕ್ಕಿಂತ ಹದಿನೈದು ದಿನ ಮುಂಚಿನ ದಿನಾಂಕ ಹೇಳಿ. ಇದು ಸುಳ್ಳಲ್ಲವೇ ಎಂದು ತಾವು ಕೇಳಬಹುದು. ಆಡಳಿತ ಮಂಡಳಿಯ ಸಭೆ, ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್ ತಂಡದ ಭೇಟಿ, ಪರೀಕ್ಷೆಯ ಮೇಲ್ವಿಚಾರಣೆ ಇವುಗಳ ನಡುವೆ ಆ ಹದಿನೈದು ದಿನಗಳು ಹೇಗೆ ಕರಗುತ್ತವೆ ಎಂದು ಒಮ್ಮೆ ಕಂಡ ಮೇಲೆ ತಾವೂ ಹಾಗೆ ಕೇಳಲಾರಿರಿ. ಲಕೋಟೆಯನ್ನು ಕಚೇರಿಯ ಟಪಾಲಿಗೆ ಬಿಡದೆ ತಾವೇ ಸ್ಪೀಡ್ ಪೋಸ್ಟ್ ಮಾಡಿ, ರಸೀದಿಯನ್ನು ಆ ನೋಟ್‌ಬುಕ್ಕಿನ ಮೊದಲ ಪುಟಕ್ಕೆ ಅಂಟಿಸಿ.

ತಮ್ಮ ಪ್ರಸ್ತಾವನೆಯ ಅಂಚಿನಲ್ಲಿ ಪೆನ್ಸಿಲಿನಿಂದ ಗುರುತು ಮಾಡಿ ಈ ಸಂಚಿಕೆಯ ಜೊತೆಗೆ ಮರಳಿ ಕಳಿಸುತ್ತಿದ್ದೇನೆ. ಕಂಡಿಕೆಯ ಆ ಒಂದು ಪುಟವನ್ನು ಕನ್ನಡದಲ್ಲಿ ಬರೆದಾದ ಮೇಲೆ, ಹೊಸ ಅಂದಾಜು ಪಟ್ಟಿಯೊಂದಿಗೆ ನನಗೆ ಕಳಿಸಿದರೆ ಓದಿ ಹೇಳುತ್ತೇನೆ. ಪಟ್ಟಿಯಲ್ಲಿ ಬೆಟಗೇರಿಯ ಪ್ರಯಾಣಕ್ಕೆ ಎಷ್ಟು ಬರೆದಿದ್ದೀರೆಂದು ಮೊದಲು ನೋಡುತ್ತೇನೆ.

— ಸಂಪಾದಕ