ಕುಮಟಾದ ಬೋರ್‌ವೆಲ್ ನೀರು ಶಿರಸಿ ಘಟ್ಟದ್ದೇ ಎಂದು ಜಡ ಅನಿಲಗಳಿಂದ ತಿಳಿಯಬಹುದೇ?

ಘಟ್ಟದ ಮೇಲೆ ಇಂಗಿದ ನೀರೇ ನಿಮ್ಮ ಬೋರ್‌ವೆಲ್‌ಗೆ ಬರುತ್ತಿದೆಯೇ, ಅದರಲ್ಲಿ ಹಿಮಯುಗದ ಹವೆಯ ಗುರುತೂ ಸಿಕ್ಕೀತೇ ಎಂದು ಕೇಳಿದ್ದೀರಿ. ಮೊದಲನೆಯದು ಕಷ್ಟಪಟ್ಟರೆ ಸಾಧ್ಯ, ಎರಡನೆಯದರ ಆಸೆ ಬಿಡಿ.

ಮಳೆನೀರು ಅಂತರ್ಜಲಕ್ಕೆ ಸೇರುವಾಗ ಮಣ್ಣಿನೊಳಗಿನ ಗಾಳಿಯಿಂದ ನಿಯಾನ್, ಆರ್ಗಾನ್, ಕ್ರಿಪ್ಟಾನ್, ಝೆನಾನ್ ಎಂಬ ಜಡ ಅನಿಲಗಳನ್ನು ಕರಗಿಸಿಕೊಳ್ಳುತ್ತದೆ. ನೀರು ತಣ್ಣಗಿದ್ದಷ್ಟೂ ಝೆನಾನ್ ಹೆಚ್ಚು; 0 ಡಿಗ್ರಿಯಿಂದ 25ಕ್ಕೆ ಏರಿದರೆ ಅರ್ಧಕ್ಕಿಂತ ಕಡಿಮೆಯಾಗುತ್ತದೆ. ನಿಯಾನ್‌ಗೆ ಉಷ್ಣತೆಯ ಪರಿವೆ ಅಷ್ಟಿಲ್ಲ.

ತೊಡಕು ಇಲ್ಲಿದೆ. ಶಿರಸಿ ಸುಮಾರು 600 ಮೀಟರ್ ಎತ್ತರ. ಗಾಳಿಯ ಒತ್ತಡ ಶೇ 7ರಷ್ಟು ಕಡಿಮೆ, ಹಾಗಾಗಿ ಎಲ್ಲ ಅನಿಲಗಳೂ ಅಷ್ಟೇ ಕಡಿಮೆ ಕರಗುತ್ತವೆ. ಆದರೆ ಅಲ್ಲಿ ಮೂರ್ನಾಲ್ಕು ಡಿಗ್ರಿ ತಂಪು, ಝೆನಾನ್ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಅದೊಂದನ್ನೇ ನೋಡಿದರೆ ಎರಡೂ ಊರಿನ ನೀರು ಒಂದೇ! ವ್ಯತ್ಯಾಸ ಹೇಳಬೇಕಾದದ್ದು ನಿಯಾನ್. ನಮ್ಮ ಚಿರೇಕಲ್ಲಿನಲ್ಲಿ (ರಂಧ್ರ ತುಂಬಿದ ಕೆಂಪು ಕಲ್ಲು) ಅದೂ ಕೈಕೊಡುತ್ತದೆ: ಮಳೆಗಾಲ ಹಿಡಿದಾಗ ನೀರಿನ ಮಟ್ಟ ಸರ್ರನೆ ಏರಿ ರಂಧ್ರಗಳಲ್ಲಿ ಸಿಕ್ಕಿದ ಗುಳ್ಳೆಗಳನ್ನು ಒತ್ತಿ ಕರಗಿಸುತ್ತದೆ, ಈ ಹೆಚ್ಚುವರಿ ಗಾಳಿಯಿಂದ ಹೆಚ್ಚು ಉಬ್ಬುವುದು ಹೀಲಿಯಂ ಮತ್ತು ನಿಯಾನ್. ಆದ್ದರಿಂದ ನಾಲ್ಕೂ ಅನಿಲಗಳನ್ನು ಅಳೆದು ಒಟ್ಟಿಗೇ ಲೆಕ್ಕ ಹಾಕಬೇಕು. ಮಳೆ ಬಿದ್ದ ಎತ್ತರದ ಸುಳಿವು ಕೊಡುವ ಆಕ್ಸಿಜನ್-18ರ (ನೀರಿನಲ್ಲಿರುವ ಭಾರದ ಆಕ್ಸಿಜನ್) ಅಳತೆಯೂ ಜೊತೆಗಿರಲಿ.

ಮಾದರಿ ಕೆಡುವುದು ಬಹುಪಾಲು ಬಾವಿಯ ಬಾಯಲ್ಲೇ. ತೆರೆದ ಬಾವಿ ಬೇಡ, ಮೇಲಿನ ನೀರು ಈಗಿನ ಗಾಳಿಯೊಂದಿಗೆ ಬೆರೆತಿರುತ್ತದೆ. ಕಂಪ್ರೆಸರ್ ಪಂಪೂ ಬೇಡ, ಸಬ್‌ಮರ್ಸಿಬಲ್ ಬೇಕು. ಉಷ್ಣತೆ, ವಿದ್ಯುತ್ ವಾಹಕತೆ ಸ್ಥಿರವಾಗುವ ತನಕ ನೀರು ಹರಿಸಿ. ಸುಮಾರು 10 ಮಿ.ಮೀ. ವ್ಯಾಸದ ತಾಮ್ರದ ಕೊಳವೆಗೆ ಪಾರದರ್ಶಕ ಪೈಪಿನಿಂದ ನೀರು ಬಿಡಿ, ಒಂದು ಗುಳ್ಳೆಯೂ ಕಾಣಬಾರದು. ಹೊರಹೋಗುವ ತುದಿಯನ್ನು ಸ್ವಲ್ಪ ಬಿಗಿಹಿಡಿದು ಒಳಗೆ ಒತ್ತಡ ಉಳಿಸಿಕೊಳ್ಳಿ, ಕೊಳವೆಯನ್ನು ತಟ್ಟಿ ಅಂಟಿದ ಗುಳ್ಳೆ ಬಿಡಿಸಿ. ಉಕ್ಕಿನ ಕ್ಲಾಂಪ್‌ಗಳಲ್ಲಿ ಮೊದಲು ಹೊರಹೋಗುವ ತುದಿಯದು, ಆಮೇಲೆ ಒಳಬರುವ ತುದಿಯದು ಬಿಗಿಯಬೇಕು.

ಗಜನಿ (ಉಪ್ಪುನೀರು ಬರುವ ಕರಾವಳಿಯ ಗದ್ದೆ) ಅಂಚಿನ ಬಾವಿಯಾದರೆ ಇನ್ನೊಂದು ಎಚ್ಚರ: ಉಪ್ಪುನೀರಿನಲ್ಲಿ ಅನಿಲ ಕಡಿಮೆ ಕರಗುತ್ತದೆ. ಲೆಕ್ಕದಲ್ಲಿ ಉಪ್ಪು ಸೇರಿಸದಿದ್ದರೆ ನೀರು ಸುಳ್ಳೇ ಬಿಸಿಯಾಗಿ ಕಾಣುತ್ತದೆ.

ಹಿಮಯುಗಕ್ಕೆ ಹತ್ತಾರು ಸಾವಿರ ವರ್ಷ ಮುಚ್ಚಿಕೊಂಡಿರುವ ಆಳದ ಮರಳುಗಲ್ಲಿನ ಪದರ ಬೇಕು. ಬ್ರೆಜಿಲ್‌ನ ಅಂಥ ನೀರಿನಿಂದ 1995ರಲ್ಲಿ ಸುಮಾರು 5 ಡಿಗ್ರಿ ತಂಪಿತ್ತೆಂದು ತೋರಿಸಿದರು. ಚಿರೇಕಲ್ಲಿನ ನೀರು ಎಳೆಯದು. ನಾನಾದರೆ ಮೊದಲು ಟ್ರಿಟಿಯಂ–ಹೀಲಿಯಂ-3 ವಯಸ್ಸು ನೋಡುತ್ತೇನೆ (ಟ್ರಿಟಿಯಂ ಎಂಬ ವಿಕಿರಣಶೀಲ ಹೈಡ್ರೋಜನ್ ಕ್ಷಯಿಸಿ ಹೀಲಿಯಂ-3 ಆಗುತ್ತದೆ, ಅದರ ಅರ್ಧಾಯುಷ್ಯ 12.3 ವರ್ಷ). ನೀರಿಗೆ ಕೆಲವೇ ವರ್ಷವಾಗಿದ್ದರೆ, ಅದು ಶಿರಸಿಯಿಂದ ಬಂಡೆಯೊಳಗೇ ನಡೆದುಬಂದದ್ದೆಂದು ನಂಬುವುದು ಕಷ್ಟ.