ಬೆಳಿಗ್ಗೆ ನಾಲ್ಕೈದು ಸಲ ಒತ್ತಿದರೆ ಮಾತ್ರ ಡೆಸ್ಕ್‌ಟಾಪ್ ಆನ್ ಆಗುತ್ತದೆ, ಮದರ್‌ಬೋರ್ಡ್ ಬದಲಿಸಬೇಕೇ?

ಈಗಲೇ ಬದಲಿಸಬೇಡಿ. ಅಂಗಡಿಯವರು ಮದರ್‌ಬೋರ್ಡ್ ಹೋಗಿದೆ ಎಂದಿದ್ದಾರೆ ಸರಿ, ಆದರೆ ನೀವೇ ಬರೆದಿರುವ ಒಂದು ಸಂಗತಿ ಬೇರೆ ಕಡೆಗೆ ಬೆರಳು ತೋರಿಸುತ್ತಿದೆ. ಏಳು ವರ್ಷದ ಯಂತ್ರ ಬೆಳಿಗ್ಗೆ ಹಟ ಹಿಡಿಯುತ್ತದೆ, ಒಮ್ಮೆ ಆನ್ ಆಯಿತೆಂದರೆ ರಾತ್ರಿಯವರೆಗೂ ತಕರಾರಿಲ್ಲದೆ ನಡೆಯುತ್ತದೆ, ನಡುವೆ ಆಫ್ ಮಾಡಿ ಹಾಕಿದರೂ ತಕ್ಷಣ ಏಳುತ್ತದೆ. ತಣ್ಣಗಿದ್ದಾಗ ಏಳದೆ, ಬಿಸಿಯಾದ ಮೇಲೆ ಸರಿಹೋಗುವ ಯಂತ್ರದಲ್ಲಿ ನಾನು ಮೊದಲು ಅನುಮಾನಿಸುವುದು ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ತಕ್ಕಂತೆ ಇಳಿಸಿ ಕೊಡುವ ಡಬ್ಬಿಯಾದ ಎಸ್‌ಎಂಪಿಎಸ್ಸನ್ನು. ಅದರೊಳಗೆ ವಿದ್ಯುತ್ತನ್ನು ಹಿಡಿದಿಟ್ಟು ವೋಲ್ಟೇಜನ್ನು ಸಮ ಮಾಡುವ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳು ವರ್ಷಗಟ್ಟಲೆ ಶಾಖ ತಿಂದು ಒಣಗುತ್ತಾ ಬರುತ್ತವೆ. ಅಂಥವುಗಳ ಒಳರೋಧ ತಣ್ಣಗಿದ್ದಾಗ ಇನ್ನೂ ಹೆಚ್ಚು; ವೋಲ್ಟೇಜ್ ಸ್ಥಿರವಾಗಿ ನಿಲ್ಲುವುದಿಲ್ಲ. ನೀವು ಮತ್ತೆ ಮತ್ತೆ ಒತ್ತುವಷ್ಟರಲ್ಲಿ ಅವು ಸ್ವಲ್ಪ ಬೆಚ್ಚಗಾಗಿ, ಐದನೆಯ ಸಲಕ್ಕೆ ಹೇಗೋ ದಡ ಸೇರುತ್ತವೆ.

ನನ್ನ ಅಣ್ಣನ ಯಂತ್ರದಲ್ಲಿ ಆದದ್ದೂ ಇದೇ. ಒಂದು ಅಂಗಡಿಯಲ್ಲಿ ಮದರ್‌ಬೋರ್ಡ್ ಬದಲಿಸಿ ಕೊಟ್ಟರು. ನಾಲ್ಕನೆಯ ದಿನ ಬೆಳಿಗ್ಗೆ ಅದೇ ಕಥೆ. ಕೊನೆಗೆ ನಾನು ನನ್ನ ಕಂಪ್ಯೂಟರಿನ ಎಸ್‌ಎಂಪಿಎಸ್ ಬಿಚ್ಚಿ ಒಯ್ದು ಜೋಡಿಸಿದೆ. ಮೊದಲ ಒತ್ತಿಗೇ ಎದ್ದಿತು, ಆಮೇಲೆ ಒಂದು ವಾರ ಒಂದು ದಿನವೂ ತಪ್ಪಲಿಲ್ಲ. ಮದರ್‌ಬೋರ್ಡಿಗೆ ಕೊಟ್ಟ ಹಣ ಹೋದದ್ದು ಹೋಯಿತು. ಆ ಸಂಕಟ ನಿಮಗೆ ಬೇಡ ಎಂದೇ ಇಷ್ಟು ಬರೆಯುತ್ತಿದ್ದೇನೆ.

ಆದರೆ ಎಸ್‌ಎಂಪಿಎಸ್ ಕೊಳ್ಳುವ ಮೊದಲು ಖರ್ಚಿಲ್ಲದ ಪರೀಕ್ಷೆಗಳನ್ನು ಮುಗಿಸಿಬಿಡಿ. ನಾಳೆ ಬೆಳಿಗ್ಗೆ ಯಂತ್ರ ಏಳದಿದ್ದಾಗ ಸುಮ್ಮನೆ ಒತ್ತುತ್ತಾ ಹೋಗಬೇಡಿ, ಒಂದು ಕ್ಷಣ ಗಮನಿಸಿ. ಫ್ಯಾನ್ ತಿರುಗುತ್ತದೆಯೇ, ಒಂದು ಸುತ್ತು ಹಾಕಿ ನಿಲ್ಲುತ್ತದೆಯೇ, ಅಥವಾ ಸದ್ದೇ ಇಲ್ಲವೇ? ಫ್ಯಾನ್ ತಿರುಗುತ್ತಲೇ ಇದ್ದು ಪರದೆ ಮಾತ್ರ ಕಪ್ಪಾಗಿದ್ದರೆ ಮದರ್‌ಬೋರ್ಡಿನಲ್ಲಿ ಸಿಕ್ಕಿಸಿರುವ ಮೆಮೊರಿ ಪಟ್ಟಿಯಾದ ರ‍್ಯಾಮ್ ನೋಡಬೇಕು. ನಮ್ಮದು ತೀರ್ಥಹಳ್ಳಿ ಕಡೆ. ಮಳೆಗಾಲದ ತೇವಕ್ಕೆ ರ‍್ಯಾಮಿನ ಹಲ್ಲುಗಳಿಗೆ ಕೊಳೆ ಕಟ್ಟುವುದು ನಮ್ಮಲ್ಲಿ ವರ್ಷವೂ ಇದ್ದದ್ದೇ. ಪ್ಲಗ್ ಕಿತ್ತು, ಮೈಯಲ್ಲಿನ ಸ್ಥಿರವಿದ್ಯುತ್ತು ಹರಿದುಹೋಗಲು ಕ್ಯಾಬಿನೆಟ್ಟಿನ ಬರಿಯ ಲೋಹವನ್ನು ಒಮ್ಮೆ ಮುಟ್ಟಿ, ರ‍್ಯಾಮನ್ನು ಅಂಚಿನಲ್ಲಿ ಹಿಡಿದು ತೆಗೆಯಿರಿ. ಚಿನ್ನದ ಬಣ್ಣದ ಹಲ್ಲುಗಳ ಮೇಲೆ ಮೆತ್ತನೆಯ ಬಿಳಿ ರಬ್ಬರನ್ನು ಹಗುರವಾಗಿ ಎಳೆದರೆ ಕಂದು ಬಣ್ಣದ ಚೂರುಗಳು ಉದುರುತ್ತವೆ. ಒಣ ಬಟ್ಟೆಯಲ್ಲಿ ಒರೆಸಿ, ಎರಡೂ ಬದಿಯ ಕೊಕ್ಕೆ ಟಕ್ಕೆಂದು ಕೂರುವವರೆಗೆ ಒತ್ತಿ.

ಸದ್ದೇ ಇಲ್ಲದಿದ್ದರೆ ಪವರ್ ಬಟನ್ನೇ ಸವೆದಿರಬಹುದು. ಇದನ್ನು ತಿಳಿಯುವ ಉಪಾಯ ನನಗೆ ಬಹಳ ಇಷ್ಟ: ಮದರ್‌ಬೋರ್ಡಿನಲ್ಲಿ ಪವರ್ ಸ್ವಿಚ್ಚಿನ ಪುಟ್ಟ ತಂತಿಯನ್ನು ಕಿತ್ತು, ಅದೇ ಪಿನ್ನುಗಳಿಗೆ ರೀಸೆಟ್ ಸ್ವಿಚ್ಚಿನ ತಂತಿ ಸಿಕ್ಕಿಸಿ. ಕೆಲವು ದಿನ ರೀಸೆಟ್ ಗುಂಡಿ ಒತ್ತಿಯೇ ಆನ್ ಮಾಡಿ. ಪ್ರತಿ ಸಲವೂ ಎದ್ದರೆ ಕಾಯಿಲೆ ಗುಂಡಿಯದು, ಖರ್ಚು ಬಹುತೇಕ ಸೊನ್ನೆ. ಹಾಗೆಯೇ ಯುಪಿಎಸ್ ಮತ್ತು ಎಕ್ಸ್‌ಟೆನ್ಷನ್ ಬೋರ್ಡ್ ಬಿಟ್ಟು ನೇರ ಗೋಡೆಯ ಪ್ಲಗ್ಗಿಗೆ ಹಾಕಿ ನೋಡಿ. ಗಡಿಯಾರ ಪದೇ ಪದೇ ಹಳೆಯ ತಾರೀಖಿಗೆ ಹೋಗುತ್ತಿದ್ದರೆ ಮದರ್‌ಬೋರ್ಡಿನ ಮೇಲಿರುವ ನಾಣ್ಯದಾಕಾರದ ಸಿಆರ್2032 ಬ್ಯಾಟರಿ ಬದಲಿಸಿ.

ಇಷ್ಟಕ್ಕೂ ಬಗ್ಗದಿದ್ದರೆ ಗೆಳೆಯರಿಂದ ಸಾಕಷ್ಟು ವ್ಯಾಟ್‌ನ, ಚೆನ್ನಾಗಿರುವ ಎಸ್‌ಎಂಪಿಎಸ್ ಎರವಲು ತನ್ನಿ. ಕ್ಯಾಬಿನೆಟ್ಟಿನೊಳಗೆ ಕೂರಿಸಬೇಕಿಲ್ಲ, ಪಕ್ಕದಲ್ಲಿಟ್ಟು ಮದರ್‌ಬೋರ್ಡಿನ 24 ಪಿನ್ನಿನ ಕೇಬಲನ್ನೂ ಪ್ರೊಸೆಸರಿನ 4 ಅಥವಾ 8 ಪಿನ್ನಿನದನ್ನೂ ಸೇರಿಸಿದರೆ ಸಾಕು. ಗ್ರಾಫಿಕ್ಸ್ ಕಾರ್ಡಿಗೆ ಪ್ರತ್ಯೇಕ ಕೇಬಲ್ ಇದ್ದರೆ ಅದನ್ನೂ, ಡಿಸ್ಕಿನದನ್ನೂ. ಎರವಲು ತಂದ ಎಸ್‌ಎಂಪಿಎಸ್ಸಿನ ಕೇಬಲ್‌ಗಳನ್ನೇ ಬಳಸಿ. ಬಿಚ್ಚಿ ಹಾಕುವಂಥ ಕೇಬಲ್‌ಗಳು ನೋಡಲು ಒಂದೇ ಥರ ಇದ್ದರೂ ಒಳಗಿನ ತಂತಿಗಳ ಕ್ರಮ ಬೇರೆಯಿರಬಹುದು, ಡಿಸ್ಕ್ ಸುಟ್ಟುಹೋದೀತು. ಒಂದು ರಾತ್ರಿ ಪೂರ್ತಿ ತಣ್ಣಗಾಗಲು ಬಿಟ್ಟು ಬೆಳಿಗ್ಗೆಯೇ ಪರೀಕ್ಷಿಸಿ, ಮಧ್ಯಾಹ್ನದ ಪರೀಕ್ಷೆಯಿಂದ ಏನೂ ತಿಳಿಯದು. ಹಳೆಯ ಎಸ್‌ಎಂಪಿಎಸ್ಸಿನ ಡಬ್ಬಿಯನ್ನು ಮಾತ್ರ ದಯವಿಟ್ಟು ತೆರೆಯಬೇಡಿ. ನಮ್ಮ 230 ವೋಲ್ಟ್ ಅದರೊಳಗೆ ಸುಮಾರು 325 ವೋಲ್ಟ್ ಡಿಸಿಯಾಗಿ ನಿಂತಿರುತ್ತದೆ. ಪ್ಲಗ್ ಕಿತ್ತ ಮೇಲೂ ಜೀವಕ್ಕೆ ಅಪಾಯ.

ನಾಳೆ ಬೆಳಿಗ್ಗೆ ಫ್ಯಾನ್ ಏನು ಮಾಡಿತು ಎಂಬುದನ್ನು ಇಲ್ಲಿಯೇ ತಿಳಿಸಿ, ಮುಂದಿನದನ್ನು ಅದರ ಮೇಲೆ ನೋಡೋಣ.