ಅಮೆರಿಕದಲ್ಲಿ ದಿವಾಳಿ ಅರ್ಜಿ ಹಾಕಿ ಬೇರೆ ರಾಜ್ಯಕ್ಕೆ ಹೋದರೆ, ಕೇಸನ್ನು ಅಲ್ಲಿನ ಕೋರ್ಟಿಗೆ ವರ್ಗಾಯಿಸಿಕೊಳ್ಳಬಹುದೇ?

ಕೇಳಬಹುದು, ಆದರೆ ಮನೆ ಬದಲಾಯಿಸಿದೆ ಎಂಬುದೊಂದೇ ಕಾರಣ ಸಾಲದು. ಕೋರ್ಟು ನೋಡುವುದು ಅರ್ಜಿ ಹಾಕುವ ಮೊದಲಿನ 180 ದಿನಗಳಲ್ಲಿ ನೀವು ಹೆಚ್ಚು ಕಾಲ ಎಲ್ಲಿದ್ದಿರಿ ಎಂಬುದನ್ನು. ಆಮೇಲೆ ಊರು ಬಿಟ್ಟರೆ ಅದರ ಅಧಿಕಾರ ತಪ್ಪುವುದಿಲ್ಲ.

ವರ್ಗಾವಣೆ ಕೋರುವ ಮನವಿ (ಮೋಷನ್) ಹಾಕಬೇಕಾದ್ದು ಈಗ ಕೇಸಿರುವ ಕೋರ್ಟಿನಲ್ಲೇ, ಹೊಸ ಊರಿನದರಲ್ಲಲ್ಲ. ಟ್ರಸ್ಟಿಗೂ (ದಿವಾಳಿ ಕೇಸನ್ನು ನೋಡಿಕೊಳ್ಳಲು ನೇಮಕವಾದವರು) ಸಾಲ ಕೊಟ್ಟವರಿಗೂ ನೋಟಿಸ್ ಹೋಗಬೇಕು. ಅಮೆರಿಕದ ಫೆಡರಲ್ ಕಾನೂನಿನ 28ನೇ ಟೈಟಲ್‌ನ (ಭಾಗದ) 1412ನೇ ಸೆಕ್ಷನ್ ಕೇಳುವುದು ನ್ಯಾಯದ ಹಿತ ಅಥವಾ ಪಕ್ಷಗಾರರ ಅನುಕೂಲ. ಹಾಗಾಗಿ ಆಸ್ತಿ, ದಾಖಲೆ, ಸಾಕ್ಷಿಗಳು ಎಲ್ಲಿವೆ ಎಂದು ವಿವರವಾಗಿ ಬರೆಯಿರಿ. ತಡಮಾಡಿದರೆ ಅದೇ ಕಾರಣಕ್ಕೆ ತಳ್ಳಿಹಾಕಬಹುದು. ಆದೇಶ ಬರುವವರೆಗೆ ಹಳೆಯ ಕೋರ್ಟಿನ ಗಡುವುಗಳೇ ಅನ್ವಯ.

ಓಡಾಟವಷ್ಟೇ ತೊಂದರೆಯಾದರೆ ಇಷ್ಟು ರಗಳೆ ಬೇಡ: ಟ್ರಸ್ಟಿ ನಡೆಸುವ ಸಾಲಗಾರ-ಸಾಲ ಕೊಟ್ಟವರ ಸಭೆ ಈಗ ಬಹುಪಾಲು ಜೂಮ್‌ನಲ್ಲೇ. ಹೊಸ ವಿಳಾಸವನ್ನು ಮಾತ್ರ ಕೋರ್ಟಿಗೆ ಲಿಖಿತವಾಗಿ ತಿಳಿಸಿ, ಇಲ್ಲದಿದ್ದರೆ ನೋಟಿಸ್ ಹಳೆಮನೆಯ ಡಬ್ಬದಲ್ಲೇ ಬಿದ್ದಿರುತ್ತದೆ.